ಆನೇಕಲ್ ಕಡೆ ಸರ್ಕಾರಿ ಹೈಸ್ಕೂಲಲ್ಲಿ ಎಲ್ಲಿ ಎಲ್ಲಿಯ ಮಕ್ಕಳು ಓದ್ತಾರೆ?

ದಾವಣಗೆರೆಯಿಂದ ಜಿಗಣಿಗೆ ಶಿಫ್ಟ್ ಆಗ್ತಿದೀವಿ, ಮಗಳನ್ನ 8ನೇ ಕ್ಲಾಸಿಗೆ ಸರ್ಕಾರಿ ಸ್ಕೂಲಿಗೆ ಹಾಕ್ಬೇಕು, ಅಲ್ಲಿ ಕನ್ನಡದ ಮಕ್ಕಳು ಇದಾರಾ ಇಲ್ಲ ಬರೀ ಹೊರಗಿನವ್ರೇನಾ ಅಂತ ಕೇಳಿದೀರ. ನಾನು ಜಿಗಣಿ ಇರೋ ಇದೇ ಆನೇಕಲ್ ತಾಲೂಕಲ್ಲಿ ಗೆಸ್ಟ್ ಟೀಚರ್, ಸಮಾಜ ವಿಜ್ಞಾನ ತಗೋತೀನಿ. ಸ್ಕೂಲ್ ಹೆಸರು ಬೇಡ ಬಿಡಿ ಸರ್, ಸುತ್ತಮುತ್ತ ಎಲ್ಲಾ ಕಡೆ ಹೆಚ್ಚೂಕಮ್ಮಿ ಇದೇ ಕಥೆ.

ಈ ಕಡೆ ಲೋಕಲ್ ಅಂದ್ರೆ ಮನೇಲೂ ಕನ್ನಡ ಅಂತೇನಿಲ್ಲ. ಅತ್ತಿಬೆಲೆ ದಾಟಿದ್ರೆ ಹೊಸೂರು, ತಮಿಳುನಾಡು. ರೆಡ್ಡಿಗಳ ಮನೇಲಿ ತೆಲುಗು, ಸಾಬರ ಮನೇಲಿ ಉರ್ದು, ಇನ್ನು ತಿಗಳರಲ್ಲಿ ಒಂದೊಂದು ಮನೇಲಿ ಒಂದೊಂದು ಭಾಷೆ, ಆದ್ರೆ ಆನೇಕಲ್ ಕರಗ ಬಂತು ಅಂದ್ರೆ ಎಲ್ಲಾ ಒಂದೇ, ಮಾರನೇ ದಿನ ಕ್ಲಾಸಲ್ಲಿ ಬೆಂಚು ಖಾಲಿ. 2011ರ ಸೆನ್ಸಸ್ಸಲ್ಲೇ ಬೆಂಗಳೂರು ನಗರ ಜಿಲ್ಲೇಲಿ ಕನ್ನಡ ಮಾತೃಭಾಷೆ ಅಂತ ಬರೆಸಿದವ್ರು ಅರ್ಧಕ್ಕಿಂತ ಕಮ್ಮಿ ಇದ್ರು, ಆನೇಕಲ್ಲೂ ಅದೇ ಜಿಲ್ಲೆ.

ಹೊರಗಿನವ್ರು ಅಂದ್ರೆ ಅದ್ರಲ್ಲೂ ಎರಡು ಥರ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬಿಲ್ಡಿಂಗ್ ಕೆಲ್ಸಕ್ಕೆ ಬಂದವ್ರ ಮಕ್ಕಳು, ಇವ್ರು ನಮ್ಮ ರಾಜ್ಯದವ್ರೇ, ಆದ್ರೂ ಇಲ್ಲಿನ ಹುಡುಗರು ಇವ್ರ ಮಾತು ಕೇಳಿ ನಗ್ತಾರೆ (ನಿಮ್ಮ ಮಗಳ ಮಾತಿಗೂ ಮೊದಮೊದಲು ಸ್ವಲ್ಪ ನಗ್ಬಹುದು, ತಲೆ ಕೆಡಿಸ್ಕೋಬೇಡಿ). ಇನ್ನೊಂದು ಜಿಗಣಿ ಗ್ರಾನೈಟ್ ಫ್ಯಾಕ್ಟರಿ, ಬೊಮ್ಮಸಂದ್ರದ ಕಂಪನಿಗಳಿಗೆ ಬಂದ ಒಡಿಶಾ, ಬಿಹಾರದವ್ರು, ಸೆಕ್ಯುರಿಟಿ ಕೆಲ್ಸದ ನೇಪಾಳದವ್ರು.

ಇದೆಲ್ಲಾ ರಿಜಿಸ್ಟರಲ್ಲಿ ಕಾಣ್ಸಲ್ಲ. ಅಲ್ಲಿ ಇರೋದು ಎಸ್‌ಸಿ, ಎಸ್‌ಟಿ, ಕೆಟಗರಿ 1, 2ಎ, 2ಬಿ, 3ಎ, 3ಬಿ, ಅದು ಬಿಟ್ರೆ ಜಿಎಂ (ಜನರಲ್ ಮೆರಿಟ್, ಅಂದ್ರೆ ಸಾಮಾನ್ಯ ವರ್ಗ) ಅಷ್ಟೇ. ಬೇರೆ ರಾಜ್ಯದ ಜಾತಿ ಸರ್ಟಿಫಿಕೇಟು ಇಲ್ಲಿನ ರಿಸರ್ವೇಶನ್‌ಗೆ ನಡೆಯಲ್ಲ, ಹಂಗಾಗಿ ಬಿಹಾರದ ಕೂಲಿಯವ್ರ ಮಗನೂ ನಮ್ಮ ಲೆಕ್ಕದಲ್ಲಿ ಜಿಎಂ. ಲಂಬಾಣಿಗಳು ನಮ್ಮಲ್ಲಿ ಎಸ್‌ಸಿ, ಗಡಿ ದಾಟಿ ಆಂಧ್ರಕ್ಕೆ ಹೋದ್ರೆ ಅದೇ ಜನ ಎಸ್‌ಟಿ. ಹಾಜರಿ ಕೂಗುವಾಗ ನಾಯಕ್ ಅಂತ ಮೂರು ಹೆಸರು ಬಂದ್ರೆ ಒಬ್ಬ ವಾಲ್ಮೀಕಿ, ಒಬ್ಬ ಲಂಬಾಣಿ ತಾಂಡಾದವ್ನು, ಇನ್ನೊಬ್ಬ ಒಡಿಶಾದವ್ನು ಆಗಿರ್ಬಹುದು, ಆಫೀಸಲ್ಲಿ ಸ್ಕಾಲರ್‌ಶಿಪ್ ಎಂಟ್ರಿ ಮಾಡೋರಿಗೆ ಇದೇ ದೊಡ್ಡ ತಲೆನೋವು.

ಇನ್ನು ನೀವು ಕೇಳದೇ ಇರೋದು ಒಂದಿದೆ, ಅದೇ ನಿಜವಾದ ವಿಷ್ಯ ಅಂತ ನಂಗನ್ಸುತ್ತೆ. ಜಮೀನಿಗೆ ರೇಟ್ ಬಂದ್ಮೇಲೆ ಊರಿನ ಗೌಡ್ರು, ರೆಡ್ಡಿಗಳು, ಸ್ವಲ್ಪ ಕೈಯಲ್ಲಿ ಕಾಸಿರೋ ಯಾವ ಜಾತಿಯವ್ರಾದ್ರೂ ಸರಿ, ಮಕ್ಕಳನ್ನ ಹಳದಿ ಬಸ್ ಹತ್ಸಿ ಸಿಬಿಎಸ್‌ಇಗೆ ಕಳಿಸ್ತಾರೆ. ಕನ್ನಡ ಮೀಡಿಯಂಗೆ ಉಳಿಯೋದು ಊರಿನ ದಲಿತ ಕಾಲೋನಿ ಮಕ್ಕಳು, ಗಾರ್ಮೆಂಟ್ಸ್‌ಗೆ ಹೋಗೋ ತಾಯಂದಿರ ಮಕ್ಕಳು, ಜೊತೆಗೆ ಈ ವಲಸೆ ಮಕ್ಕಳು. ಇಷ್ಟೆಲ್ಲಾ ಮಾಡಿ ಆ ಕಾಸಿರೋರೇ ರಾಜ್ಯೋತ್ಸವದ ದಿನ ಸ್ಕೂಲಿಗೆ ಬಂದು ಕನ್ನಡ ಉಳಿಸಿ ಅಂತ ಭಾಷಣ ಹೊಡೀತಾರೆ, ಅದನ್ನ ಕೂತು ಕೇಳೋದು ಒಡಿಶಾದ ಹುಡುಗ!

ಕಲಿಕೆ ವಿಷ್ಯಕ್ಕೆ ಬಂದ್ರೆ ಮಗು ಯಾವ ರಾಜ್ಯದ್ದು ಅನ್ನೋದಕ್ಕಿಂತ ಯಾವ ಕ್ಲಾಸಿಗೆ ಬಂದು ಸೇರ್ತು ಅನ್ನೋದು ಮುಖ್ಯ. ಒಂದನೇ ಕ್ಲಾಸಿಂದ ಇಲ್ಲೇ ಓದಿದ ನೇಪಾಳಿ ಹುಡುಗಿ ಪ್ರಬಂಧ ನಮ್ಮೂರ ಮಕ್ಕಳಿಗಿಂತ ಚೆನ್ನಾಗ್ ಬರೀತಾಳೆ. ನೇರ 8ಕ್ಕೆ ಬಂದವ್ನಿಗೆ ಹಿಂದಿ ನೀರು ಕುಡ್ದಂಗೆ, ಆದ್ರೆ ಎಸ್ಸೆಸ್ಸೆಲ್ಸೀಲಿ ಪ್ರಥಮ ಭಾಷೆ ಕನ್ನಡ 125 ಮಾರ್ಕ್ಸು, ವಿಜ್ಞಾನಾನೂ ಕನ್ನಡದಲ್ಲೇ, ಅಲ್ಲಿ ಸಿಕ್ಕಾಕೋತಾನೆ. ಅಂಥವ್ರಿಗೆ ಅಂತ ಬೇರೆ ಟೀಚರ್ ಯಾರೂ ಕೊಡಲ್ಲ, ಪಕ್ಕದಲ್ಲಿ ಕೂತ ಫ್ರೆಂಡೇ ಟೀಚರ್.

ನಿಮ್ಮ ಮಗಳಿಗೆ ಈ ತೊಂದ್ರೆ ಇಲ್ಲ. ಧೈರ್ಯವಾಗಿ ಸೇರ್ಸಿ. ಟಿಸಿ ತಗೊಳ್ಳುವಾಗ ಹೆಸ್ರು, ಹುಟ್ಟಿದ ತಾರೀಖು ಆಧಾರ್‌ಗೆ ತಾಳೆ ಆಗುತ್ತಾ ನೋಡ್ಕೊಳ್ಳಿ, ಜಾತಿ ಆದಾಯ ಪ್ರಮಾಣಪತ್ರ ನಿಮ್ಮೂರ ನಾಡಕಚೇರೀಲೇ ಮಾಡಿಸ್ಕೊಂಡು ಬನ್ನಿ, ಅದ್ರ ಮೇಲಿರೋ ಆರ್‌ಡಿ ನಂಬರ್ ಇಲ್ದೇ ಸ್ಕಾಲರ್‌ಶಿಪ್ ಅರ್ಜಿ ಮುಂದಕ್ಕೆ ಹೋಗಲ್ಲ, ಇಲ್ಲಿಗೆ ಬಂದ್ಮೇಲೆ ಅದಕ್ಕೋಸ್ಕರ ವಾಪಸ್ ದಾವಣಗೆರೆಗೆ ಓಡಾಡೋದು ಬೇಡ.