ಎರಡು ತೆಂಗಿನಕಾಯಿ ಬೇರೆ, 2.0 ಕಿಲೋ ಬೇರೆ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಬೀಜಗಣಿತ ಮಾಡುವ ಸಾಫ್ಟ್‌ವೇರ್‌ಗಳ ಬಗ್ಗೆ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಇಷ್ಟು ಜನ ಸಿಂಪೈ, ಮ್ಯಾಕ್ಸಿಮಾ, ಜಿಯೋಜೀಬ್ರಾ ಹಿಡಿದು ಕೂತಿದ್ದಾರೆ ಎಂದು ನೋಡಿ ನಿಜಕ್ಕೂ ಖುಷಿಯಾಯಿತು. ಗೊತ್ತಿಲ್ಲದವರಿಗೆ ಒಂದು ಮಾತು: ಸಾಮಾನ್ಯ ಕ್ಯಾಲ್ಕುಲೇಟರ್‌ಗೆ ಅಂಕೆ ಮಾತ್ರ ಗೊತ್ತು. ಇವು ಎಕ್ಸ್, ವೈ ಇರುವ ಲೆಕ್ಕವನ್ನು ಅಕ್ಷರ ಸಮೇತ ಮಾಡುತ್ತವೆ. ಅಪವರ್ತಿಸುತ್ತವೆ, ಸಮೀಕರಣ ಬಿಡಿಸುತ್ತವೆ, ಇಂಟಿಗ್ರೇಷನ್ ಕೂಡ ಮಾಡುತ್ತವೆ. ಇವುಗಳಲ್ಲಿ ಸಿಂಪೈ ಓಡುವುದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಒಳಗೆ. ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿ ಕೊಟ್ಟಿದ್ದೇನೆ.

ಪ್ರಶ್ನೆ: ಟೀಚರ್, ನಾನು ಬದಿಯಡ್ಕದವನು. ಬಿ.ಎಸ್ಸಿ. ಮಕ್ಕಳಿಗೆ ಪೈಥಾನ್ ಲ್ಯಾಬ್ ತೆಗೆದುಕೊಳ್ಳುತ್ತೇನೆ. ಮಕ್ಕಳ ಉತ್ತರ ಸರಿಯೋ ತಪ್ಪೋ ನೋಡಲು ಸಿಂಪೈಯಲ್ಲಿ ಒಂದು ಪ್ರೋಗ್ರಾಂ ಬರೆದಿದ್ದೆ. ಮೂರು ವರ್ಷ ಚೆನ್ನಾಗಿ ನಡೆಯಿತು. ಮೊನ್ನೆ ಸಿಂಪೈ ಅಪ್‌ಡೇಟ್ ಮಾಡಿದೆ. ಈಗ ಸರಿ ಉತ್ತರಕ್ಕೂ ತಪ್ಪು ಎನ್ನುತ್ತಿದೆ. ಸರಿ ಉತ್ತರ 2. ಹುಡುಗಿ ಕೊಟ್ಟದ್ದು 2.0. ಎರಡೂ ಒಂದೇ ಅಲ್ವಾ? ಇದು ಸಿಂಪೈಯ ದೋಷವೇ?

ಉತ್ತರ: ದೋಷ ಅಲ್ಲ, ಬೇಕೆಂದೇ ಮಾಡಿದ ಬದಲಾವಣೆ. 2024ರ ಜುಲೈಯಲ್ಲಿ ಬಂದ 1.13ನೇ ಆವೃತ್ತಿಯಿಂದ ಸಿಂಪೈ ಪೂರ್ಣಾಂಕ 2 ಮತ್ತು ದಶಮಾಂಶ 2.0 ಎರಡನ್ನೂ ಸಮ ಎಂದು ಒಪ್ಪುವುದಿಲ್ಲ. ಎರಡು ಸಮ ಚಿಹ್ನೆ (==) ಹಾಕಿ ಹೋಲಿಸಿದರೆ ‘ಫಾಲ್ಸ್’ ಎಂದು ಬರುತ್ತದೆ. ಪೈಥಾನ್‌ನ ಸ್ವಂತ 2 ಮತ್ತು 2.0 ಮೊದಲಿನ ಹಾಗೆ ಸಮವೇ. ಬದಲಾದದ್ದು ಸಿಂಪೈಯ ಸಂಖ್ಯೆಗಳು ಮಾತ್ರ. ನಿಮ್ಮ ಪ್ರೋಗ್ರಾಂ ಎಡವಿದ್ದು ಇಲ್ಲಿಯೇ.

ಯಾಕೆ ಹೀಗೆ ಮಾಡಿದರು? ನಮ್ಮ ಮನೆಯ ಅಂಗಳವನ್ನೇ ನೆನೆಸಿಕೊಳ್ಳಿ. ಎರಡು ತೆಂಗಿನಕಾಯಿ ಬಿದ್ದಿವೆ. ಎಣಿಸಿದರೆ ಎರಡು. ಅದರಲ್ಲಿ ಹೆಚ್ಚುಕಡಿಮೆ ಇಲ್ಲ. ಈಗ ಅಡಿಕೆಯನ್ನು ತಕ್ಕಡಿಗೆ ಹಾಕಿ. 2.0 ಕಿಲೋ ತೋರಿಸಿತು. ಅದು ಎರಡು ಕಿಲೋದ ಆಸುಪಾಸು ಎಂದು ಅರ್ಥ, ಒಂದೆರಡು ಅಡಿಕೆ ಆಚೀಚೆ ಆಗಿದ್ದರೂ ತಕ್ಕಡಿ ಅದನ್ನೇ ತೋರಿಸುತ್ತದೆ. ಎಣಿಸಿದ ಎರಡು ಬೇರೆ, ತೂಗಿದ ಎರಡು ಬೇರೆ. ಕಂಪ್ಯೂಟರ್‌ನ ದಶಮಾಂಶ ಈ ತೂಗಿದ ಸಂಖ್ಯೆಯ ಹಾಗೆ. ಸುಮಾರು 15 ಅಂಕೆಯವರೆಗೆ ನಂಬಬಹುದು, ಆಮೇಲೆ ಇಲ್ಲ. ಪೈಥಾನ್‌ನಲ್ಲಿ 0.1 ಮತ್ತು 0.2 ಕೂಡಿಸಿ ನೋಡಿ. 0.30000000000000004 ಎಂದು ಬರುತ್ತದೆ.

ಹಳೆಯ ಆವೃತ್ತಿಗಳಲ್ಲಿ ಒಂದು ಗೊಂದಲ ಇತ್ತು. ಬರೀ 2.0 ಮತ್ತು 2 ಸಮ ಎನ್ನುತ್ತಿತ್ತು. ಆದರೆ 2.0 ಎಕ್ಸ್ ಮತ್ತು 2 ಎಕ್ಸ್ ಸಮ ಅಲ್ಲ ಎನ್ನುತ್ತಿತ್ತು. ಒಂದು ಕಡೆ ಹೌದು, ಇನ್ನೊಂದು ಕಡೆ ಅಲ್ಲ. ಈಗ ಎರಡು ಕಡೆಯೂ ಒಂದೇ ನಿಯಮ. ಹಳೆಯ ಪ್ರೋಗ್ರಾಂಗಳಿಗೆ ತೊಂದರೆಯಾಯಿತು, ನಿಜ. ಆದರೂ ಇದು ಒಳ್ಳೆಯ ಬದಲಾವಣೆ ಎಂದೇ ನನ್ನ ಅಭಿಪ್ರಾಯ.

ಇನ್ನು ನಿಮ್ಮ ಪ್ರೋಗ್ರಾಂ. ಸಮ ಚಿಹ್ನೆಯ ಹೋಲಿಕೆಯನ್ನೇ ಬಿಟ್ಟುಬಿಡಿ. ಹುಡುಗಿಯ ಉತ್ತರದಿಂದ ಸರಿ ಉತ್ತರವನ್ನು ಕಳೆಯಿರಿ. ಚಿಹ್ನೆ ಬಿಟ್ಟರೆ ವ್ಯತ್ಯಾಸ 0.000001ಕ್ಕಿಂತ ಕಡಿಮೆಯೇ? ಹಾಗಿದ್ದರೆ ಸರಿ. ಉತ್ತರದಲ್ಲಿ ಎಕ್ಸ್ ಇದ್ದರೆ ವ್ಯತ್ಯಾಸವನ್ನು ‘ಸಿಂಪ್ಲಿಫೈ’ಗೆ ಕೊಡಿ, ಸೊನ್ನೆ ಬಂದರೆ ಸರಿ. ಎಕ್ಸ್ ಇರುವ ಕಡೆ ಆ ಹೋಲಿಕೆ ಹಿಂದೆಯೂ ನಂಬುವಂಥದ್ದಾಗಿರಲಿಲ್ಲ. ಎಕ್ಸ್ ಪ್ಲಸ್ 1ರ ವರ್ಗವನ್ನು ಒಬ್ಬಳು ಆವರಣ ಹಾಕಿ ಬರೆಯುತ್ತಾಳೆ, ಇನ್ನೊಬ್ಬ ಬಿಡಿಸಿ ಬರೆಯುತ್ತಾನೆ. ಸಿಂಪೈ ಬರೆದ ರೂಪವನ್ನು ಮಾತ್ರ ಹೋಲಿಸುತ್ತದೆ, ಹಾಗಾಗಿ ಎರಡೂ ಬೇರೆ ಎನ್ನುತ್ತದೆ. ಈ ಮೂರು ವರ್ಷದಲ್ಲಿ ಹೀಗೆ ಅಂಕ ಕಳಕೊಂಡ ಮಕ್ಕಳು ಇದ್ದಾರೆಯೇ ಎಂದು ದಯವಿಟ್ಟು ಒಮ್ಮೆ ನೋಡಿ.

ಮಕ್ಕಳಿಗೆ ಮೊದಲ ದಿನವೇ ಇನ್ನೊಂದನ್ನು ತೋರಿಸಿ. ಎಕ್ಸ್‌ನ ಘಾತ 1/3 ಎಂದು ಬರೆದರೆ ಪೈಥಾನ್ ಮೊದಲು 1ನ್ನು 3ರಿಂದ ಭಾಗಿಸಿ 0.333 ಎಂದು ಮಾಡಿಬಿಡುತ್ತದೆ. ಆಮೇಲೆ ಸಿಂಪೈಗೆ ಕೊಡುತ್ತದೆ. ಸಿಂಪೈಗೆ ಭಿನ್ನರಾಶಿ ಕಾಣುವುದೇ ಇಲ್ಲ. ‘ರ್‍ಯಾಷನಲ್’ ಎಂಬ ಫಂಕ್ಷನ್‌ಗೆ 1 ಮತ್ತು 3 ಕೊಟ್ಟರೆ ಭಿನ್ನರಾಶಿ ಭಿನ್ನರಾಶಿಯಾಗಿಯೇ ಉಳಿಯುತ್ತದೆ.

ಪ್ರಶ್ನೆ: ನಾನು ಪೆರ್ಲದ ಪ್ಲಸ್ ಟು ವಿದ್ಯಾರ್ಥಿನಿ. 1/ಎಕ್ಸ್‌ನ ಇಂಟಿಗ್ರೇಷನ್‌ಗೆ ಪುಸ್ತಕದಲ್ಲಿ ಲಾಗ್ ಒಳಗೆ ಎಕ್ಸ್‌ನ ಎರಡು ಕಡೆ ಗೆರೆ ಇದೆ, ಕೊನೆಗೆ ಪ್ಲಸ್ ಸಿ ಇದೆ. ಮ್ಯಾಕ್ಸಿಮಾದಲ್ಲಿ ಎರಡೂ ಇಲ್ಲ, ಬರೀ ಲಾಗ್ ಎಕ್ಸ್. ಸೈನ್ ಎಕ್ಸ್ ಕಾಸ್ ಎಕ್ಸ್‌ಗಂತೂ ಪುಸ್ತಕ, ಮ್ಯಾಕ್ಸಿಮಾ, ಅಣ್ಣನ ಸಿಂಪೈ ಮೂರೂ ಬೇರೆ ಬೇರೆ ಉತ್ತರ ಕೊಟ್ಟವು. ಯಾವುದನ್ನು ನಂಬಲಿ ಟೀಚರ್?

ಉತ್ತರ: ಮೂರನ್ನೂ ನಂಬು. ಹೇಗೆ ಅಂತ ಈಗಲೇ ಪೆನ್ಸಿಲ್ ಹಿಡಿದು ನೋಡೋಣ.

ಸಿಂಪೈ ಕೊಟ್ಟದ್ದು ಸೈನ್ ವರ್ಗದ ಅರ್ಧ. ಮ್ಯಾಕ್ಸಿಮಾ ಕೊಟ್ಟದ್ದು ಮೈನಸ್ ಕಾಸ್ ವರ್ಗದ ಅರ್ಧ. ಪುಸ್ತಕದ್ದು ಮೈನಸ್ ಕಾಸ್ 2 ಎಕ್ಸ್‌ನ ಕಾಲು ಭಾಗ. ಎಕ್ಸ್ 0 ಡಿಗ್ರಿ ಎಂದು ಹಾಕು. ಕ್ರಮವಾಗಿ 0, −1/2, −1/4 ಬರುತ್ತದೆ. 90 ಡಿಗ್ರಿ ಹಾಕು. 1/2, 0, 1/4. ಈಗ ಒಂದು ಮತ್ತು ಎರಡನೆಯದರ ನಡುವಿನ ವ್ಯತ್ಯಾಸ ನೋಡು. ಆಗಲೂ ಅರ್ಧ, ಈಗಲೂ ಅರ್ಧ. ಒಂದು ಮತ್ತು ಮೂರನೆಯದರ ನಡುವೆ ಎರಡು ಸಲವೂ ಕಾಲು. ಬೇರೆ ಯಾವ ಕೋನ ಹಾಕಿದರೂ ಇಷ್ಟೇ. ಹಾಗಾದರೆ ಮೂರೂ ಉತ್ತರಗಳು ಒಂದು ಸ್ಥಿರಾಂಕದಷ್ಟು ಮಾತ್ರ ಬೇರೆ. ಪ್ಲಸ್ ಸಿ ಯಾಕೆ ಬರೆಯಬೇಕು ಎಂದು ನಿಮ್ಮ ಟೀಚರ್ ಪದೇ ಪದೇ ಹೇಳುತ್ತಾರಲ್ಲ, ಇದಕ್ಕೇ. ಸಾಫ್ಟ್‌ವೇರ್ ಆ ಸಿ ಬರೆಯದೆ ಬಿಡುತ್ತದೆ, ನೀನು ಬಿಡಬೇಡ.

ಲಾಗ್‌ನ ವಿಷಯ ಸ್ವಲ್ಪ ಬೇರೆ. ನಿನ್ನ ಪುಸ್ತಕ ವಾಸ್ತವ ಸಂಖ್ಯೆಗಳಲ್ಲಿ ಲೆಕ್ಕ ಮಾಡುತ್ತದೆ. ಅಲ್ಲಿ ಋಣ ಸಂಖ್ಯೆಗೆ ಲಾಗ್ ಇಲ್ಲ, ಹಾಗಾಗಿ ಗೆರೆ ಬೇಕು. ಸಿಂಪೈ, ಮ್ಯಾಕ್ಸಿಮಾಗಳು ಸಂಕೀರ್ಣ ಸಂಖ್ಯೆಗಳನ್ನೂ ಸೇರಿಸಿಕೊಂಡು ಲೆಕ್ಕ ಮಾಡುತ್ತವೆ. ಅಲ್ಲಿ ಋಣ ಎಕ್ಸ್‌ಗೂ ಲಾಗ್ ಇದೆ, ಜೊತೆಗೆ ಐ ಪೈ (iπ) ಎಂಬ ಒಂದು ತುಂಡು ಬರುತ್ತದೆ. ಆ ತುಂಡು ಸ್ಥಿರಾಂಕ. ಡಿಫರೆನ್ಶಿಯೇಟ್ ಮಾಡಿದರೆ ಹೋಗಿಬಿಡುತ್ತದೆ, ಉಳಿಯುವುದು 1/ಎಕ್ಸ್ ಮಾತ್ರ. ಮ್ಯಾಕ್ಸಿಮಾದಲ್ಲಿ ‘ಲಾಗ್ಆಬ್ಸ್’ ಎಂಬ ಒಂದು ಸೆಟ್ಟಿಂಗ್ ಇದೆ. ಅದನ್ನು ‘ಟ್ರೂ’ ಮಾಡಿ ಪುನಃ ಕೇಳು, ಪುಸ್ತಕದ ಹಾಗೆಯೇ ಗೆರೆ ಸಮೇತ ಉತ್ತರ ಬರುತ್ತದೆ. ಪರೀಕ್ಷೆಯಲ್ಲಿ ಗೆರೆಯೂ ಬೇಕು, ಸಿಯೂ ಬೇಕು.

ಪ್ರಶ್ನೆ: ಮ್ಯಾಕ್ಸಿಮಾ ಲೆಕ್ಕದ ಮಧ್ಯದಲ್ಲಿ ನಿಂತು ‘ಎ ಧನವೋ ಋಣವೋ’ ಎಂದು ನನ್ನನ್ನೇ ಕೇಳುತ್ತದೆ. ಸಿಂಪೈಯಲ್ಲಿ ಎಕ್ಸ್ ವರ್ಗದ ವರ್ಗಮೂಲ ಕೇಳಿದರೆ ಎಕ್ಸ್ ಎನ್ನುವುದಿಲ್ಲ, ಕೊಟ್ಟದ್ದನ್ನೇ ವಾಪಸ್ ಕೊಡುತ್ತದೆ. ಇಷ್ಟು ಸುಲಭದ್ದೂ ಇವಕ್ಕೆ ಗೊತ್ತಿಲ್ಲವೇ? (ಮುಳ್ಳೇರಿಯದ ನಿವೃತ್ತ ಶಿಕ್ಷಕರು)

ಉತ್ತರ: ಮಾಷ್ಟ್ರೇ, ಈ ಪ್ರಶ್ನೆ ನನಗೆ ತುಂಬ ಹಿಡಿಸಿತು. ಗೊತ್ತಿಲ್ಲ ಎಂದಲ್ಲ. ನೀವು ಹೇಳದೆ ಇದ್ದದ್ದನ್ನು ಅವು ಊಹಿಸುವುದಿಲ್ಲ.

ಎಕ್ಸ್ 3 ಆದರೆ ಎಕ್ಸ್ ವರ್ಗದ ವರ್ಗಮೂಲ 3. ಸರಿ. ಎಕ್ಸ್ −3 ಆದರೆ? ವರ್ಗ 9, ಅದರ ವರ್ಗಮೂಲ 3. −3 ಅಲ್ಲ. ಎಕ್ಸ್ ಎಂದು ಉತ್ತರ ಕೊಟ್ಟಿದ್ದರೆ ಇಲ್ಲಿ ತಪ್ಪಾಗುತ್ತಿತ್ತು. ಸಿಂಪೈಯಲ್ಲಿ ಎಕ್ಸ್ ಅನ್ನು ಹೇಳುವಾಗಲೇ ಅದು ‘ಪಾಸಿಟಿವ್’ ಎಂದು ಹೇಳಿ. ಕೂಡಲೇ ಉತ್ತರ ಎಕ್ಸ್ ಆಗುತ್ತದೆ. ‘ರಿಯಲ್’ ಎಂದು ಮಾತ್ರ ಹೇಳಿದರೆ ‘ಆಬ್ಸ್ ಎಕ್ಸ್’, ಅಂದರೆ ಋಣ ಚಿಹ್ನೆ ಬಿಟ್ಟ ಎಕ್ಸ್ ಎನ್ನುತ್ತದೆ. ಏನೂ ಹೇಳದಿದ್ದರೆ ಮುಟ್ಟುವುದಿಲ್ಲ.

ಮ್ಯಾಕ್ಸಿಮಾ ನಿಮ್ಮಲ್ಲಿ ಕೇಳುವುದೂ ಇದಕ್ಕೇ. ಛೇದದಲ್ಲಿ ಎಕ್ಸ್ ವರ್ಗ ಪ್ಲಸ್ ಎ ಇರುವ ಇಂಟಿಗ್ರೇಷನ್ ಕೊಟ್ಟು ನೋಡಿ. ಎ ಧನವಾದರೆ ಉತ್ತರದಲ್ಲಿ ಟ್ಯಾನ್ ಇನ್ವರ್ಸ್ ಬರುತ್ತದೆ, ಋಣವಾದರೆ ಲಾಗ್ ಬರುತ್ತದೆ. ಎರಡು ದಾರಿ, ಯಾವುದು ಎಂದು ನೀವೇ ಹೇಳಬೇಕು. ಪ್ರತಿ ಸಲ ಕೇಳುವುದು ಬೇಡವೆಂದರೆ ಮೊದಲೇ ‘ಅಸ್ಯೂಮ್’ ಎಂದು ಬರೆದು ಎ ಸೊನ್ನೆಗಿಂತ ದೊಡ್ಡದು ಎಂದು ಹೇಳಿಬಿಡಿ. ಈ ಗುಣ ಹೊಸತಲ್ಲ. ಮ್ಯಾಕ್ಸಿಮಾದ ಮೂಲ 1968ರಲ್ಲಿ ಅಮೆರಿಕದ ಎಂಐಟಿಯಲ್ಲಿ ಶುರುವಾದ ಮ್ಯಾಕ್ಸಿಮಾ. ಉಚ್ಚಾರ ಒಂದೇ ಹಾಗೆ ಕೇಳಿದರೂ ಅದರ ಇಂಗ್ಲಿಷ್ ಹೆಸರಿನ ನಡುವೆ ವೈ ಇತ್ತು (Macsyma). ಆ ಹಳೆಯ ಪ್ರೋಗ್ರಾಂನ ಒಂದು ಪ್ರತಿಯನ್ನು ವಿಲಿಯಂ ಶೆಲ್ಟರ್ ಎಂಬ ಗಣಿತದ ಪ್ರೊಫೆಸರ್ 1982ರಿಂದ ಸಾಕಿಕೊಂಡು ಬಂದರು. 1998ರಲ್ಲಿ ಅದನ್ನು ಎಲ್ಲರಿಗೂ ಉಚಿತವಾಗಿ ಕೊಡಲು ಅನುಮತಿ ಪಡೆದರು. 2001ರಲ್ಲಿ ತೀರಿಹೋದರು. ಮುಳ್ಳೇರಿಯದಲ್ಲಿ ಕೂತು ನೀವು ಒಂದು ಪೈಸೆ ಕೊಡದೆ ಇದನ್ನು ಬಳಸುತ್ತಿರುವುದು ಅವರ ದಯೆಯಿಂದ.

ಒಂದು ಎಚ್ಚರ. −8ರ ಘನಮೂಲ ಕೇಳಿದರೆ ಮ್ಯಾಕ್ಸಿಮಾ −2 ಎನ್ನುತ್ತದೆ. ಸಿಂಪೈಯಲ್ಲಿ ಘಾತ ಹಾಕಿ ಕೇಳಿದರೆ ಸಂಕೀರ್ಣ ಸಂಖ್ಯೆ ಬರುತ್ತದೆ. ಅಲ್ಲಿ ‘ರಿಯಲ್ ರೂಟ್’ ಎಂಬ ಫಂಕ್ಷನ್ ಬಳಸಿ.

ಪ್ರಶ್ನೆ: ಕುಂಬಳೆಯ ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಜಿಯೋಜೀಬ್ರಾದಲ್ಲಿ ರೇಖಾಗಣಿತ ಮಾತ್ರ ಮಾಡಿಸುತ್ತಿದ್ದೆವು. ಬೀಜಗಣಿತಕ್ಕೂ ಆಗುತ್ತದೆಯೇ?

ಉತ್ತರ: ಧಾರಾಳ ಆಗುತ್ತದೆ. ಅದರಲ್ಲಿ ಸಿಎಎಸ್ (ಕಂಪ್ಯೂಟರ್ ಆಲ್ಜೀಬ್ರಾ ಸಿಸ್ಟಮ್) ಎಂಬ ಕಿಟಕಿ ಇದೆ, ತೆರೆಯಿರಿ. ಒಳಗೆ ಕೆಲಸ ಮಾಡುವುದು ಫ್ರಾನ್ಸಿನಲ್ಲಿ ತಯಾರಾದ ಜಿಯಾಕ್ ಎಂಬ ಉಚಿತ ಎಂಜಿನ್. ಎಂಟನೇ ಒಂಬತ್ತನೇ ಕ್ಲಾಸಿಗೆ ನಾನು ಮಾಡಿಸುವುದು ಇದು. 3 ಎಕ್ಸ್ ಪ್ಲಸ್ 5 = 20 ಎಂಬ ಇಡೀ ಸಮೀಕರಣವನ್ನು ಆವರಣದೊಳಗೆ ಬರೆದು, ಹೊರಗೆ ಮೈನಸ್ 5 ಹಾಕಿ ಎಂಟರ್ ಒತ್ತಿ. 3 ಎಕ್ಸ್ = 15 ಬರುತ್ತದೆ. ಈಗ ಅದನ್ನು ಆವರಣದೊಳಗೆ ಹಾಕಿ 3ರಿಂದ ಭಾಗಿಸಿ. ಎಕ್ಸ್ = 5.

ಮಕ್ಕಳು ಸರಿ ಹೆಜ್ಜೆಯನ್ನೇ ಇಡಬೇಕೆಂದಿಲ್ಲ. ಒಬ್ಬ ಹುಡುಗ ಮೊದಲೇ 3ರಿಂದ ಭಾಗಿಸಿದ. ಭಿನ್ನರಾಶಿ ಬಂತು, ಮುಖ ಸಣ್ಣದಾಯಿತು. ತಪ್ಪಲ್ಲ, ಮುಂದೆ ಹೋಗು ಎಂದೆ. ಅವನೂ 5ಕ್ಕೇ ಬಂದು ಸೇರಿದ, ದಾರಿ ಉದ್ದವಾಯಿತು ಅಷ್ಟೇ. ಮುಂದಿನ ಲೆಕ್ಕದಲ್ಲಿ ಯಾರೂ ಹೇಳದೆ ಮೊದಲು ಕಳೆದ. ಎರಡು ಕಡೆಯೂ ಒಂದೇ ಕೆಲಸ ಮಾಡಬೇಕು ಎಂದು ಬೋರ್ಡಿನಲ್ಲಿ ಹತ್ತು ಸಲ ಹೇಳಿದ್ದಕ್ಕಿಂತ ಈ ಐದು ನಿಮಿಷ ಜಾಸ್ತಿ ಕೆಲಸ ಮಾಡಿತು.

ಅದೇ ಕಿಟಕಿಯಲ್ಲಿ ಎರಡು ಬಟನ್ ಇವೆ. ಸಮ ಚಿಹ್ನೆಯದ್ದನ್ನು ಒತ್ತಿದರೆ 8ರ ವರ್ಗಮೂಲ 2√2 ಎಂದು ಬರುತ್ತದೆ. ಅಲೆಯ ಹಾಗಿರುವ ≈ ಒತ್ತಿದರೆ 2.83. ಬದಿಯಡ್ಕದವರಿಗೆ ಹೇಳಿದ ತೆಂಗಿನಕಾಯಿ ಮತ್ತು ತಕ್ಕಡಿಯ ಮಾತನ್ನು ಮಕ್ಕಳಿಗೆ ಇಲ್ಲಿ ಕಣ್ಣಾರೆ ತೋರಿಸಬಹುದು.

ಪ್ರಶ್ನೆ: ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಮ್ಯಾಥಮ್ಯಾಟಿಕಾ ಉಚಿತವಾಗಿ ಸಿಗುತ್ತದೆಯೇ?

ಉತ್ತರ: ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ಗೆ 2013ರಿಂದ ಉಚಿತವಾಗಿ ಕೊಡುತ್ತಿದ್ದಾರೆ. ಮಾಮೂಲಿ ಲ್ಯಾಪ್‌ಟಾಪ್‌ಗೆ ಲೈಸೆನ್ಸ್ ಕೊಳ್ಳಬೇಕು. ಡಿಗ್ರಿ ಪಾಠಕ್ಕೆ ಮ್ಯಾಕ್ಸಿಮಾ ಅಥವಾ ಸಿಂಪೈ ಧಾರಾಳ ಸಾಕು.

ಪ್ರಶ್ನೆ: ಲ್ಯಾಬಿನಲ್ಲಿ 20 ಕಂಪ್ಯೂಟರ್ ಇವೆ. ಹೊಸ ಆವೃತ್ತಿ ಬಂದಾಗೆಲ್ಲ ಅಪ್‌ಡೇಟ್ ಮಾಡಬೇಕೇ? ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. (ಎಣ್ಮಕಜೆ)

ಉತ್ತರ: ಬೇಡ. ತರಗತಿ ನಡೆಯುವಾಗ ಖಂಡಿತ ಮುಟ್ಟಬೇಡಿ. ನಾನೇ ಒಮ್ಮೆ ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ಸಂಜೆ ಅಪ್‌ಡೇಟ್ ಮಾಡಿ, ರಾತ್ರಿ ಹನ್ನೊಂದರವರೆಗೆ ಹಳೆಯದನ್ನು ಪುನಃ ಹಾಕುತ್ತಾ ಕೂತಿದ್ದೇನೆ. ವರ್ಷಕ್ಕೆ ಒಮ್ಮೆ, ಬೇಸಿಗೆ ರಜೆಯಲ್ಲಿ ಮಾಡಿ. ಮೊದಲು ಒಂದೇ ಕಂಪ್ಯೂಟರಿಗೆ ಹಾಕಿ, ವರ್ಷದ ಎಲ್ಲ ಪ್ರೋಗ್ರಾಂಗಳನ್ನೂ ಓಡಿಸಿ ನೋಡಿ. ಪ್ರತಿ ಪ್ರೋಗ್ರಾಂನ ತಲೆಯಲ್ಲಿ ಯಾವ ಆವೃತ್ತಿಯಲ್ಲಿ ಬರೆದದ್ದು ಎಂದು ಬರೆದಿಡಿ.

ಓಡಿಸುವಾಗ ಬರುವ ಎಚ್ಚರಿಕೆಗಳನ್ನು ಸುಮ್ನೆ ದಾಟಿಸಬೇಡಿ. ಸಿಂಪೈ ಒಂದು ಫಂಕ್ಷನ್ ತೆಗೆಯುವ ಮೊದಲು ಸಾಮಾನ್ಯವಾಗಿ ಒಂದು ವರ್ಷವಾದರೂ ‘ಇದು ಹೋಗಲಿದೆ, ಬದಲಿಗೆ ಇದನ್ನು ಬಳಸಿ’ ಎಂದು ಹೇಳುತ್ತಿರುತ್ತದೆ. ಓದಿದವರಿಗೆ ಆಮೇಲೆ ಪರದಾಟ ಇಲ್ಲ. ನಿಮ್ಮಲ್ಲಿ ಇನ್ನೂ ಪೈಥಾನ್ 2.7 ಇರುವ ಹಳೆಯ ಯಂತ್ರ ಇದ್ದರೆ ಅದಕ್ಕೆ ಸಿಂಪೈ 1.5ರ ಸಾಲು ಕೊನೆ, ಮುಂದಿನದು ಹತ್ತುವುದಿಲ್ಲ.

ನೆಟ್ ಇಲ್ಲದ್ದಕ್ಕೆ ಹೆದರಬೇಡಿ. ಒಮ್ಮೆ ಹಾಕಿದ ಮೇಲೆ ಇವು ಯಾವುದಕ್ಕೂ ನೆಟ್ ಬೇಡ. ಪೇಟೆಗೆ ಹೋದಾಗ ನೆಟ್ ಇರುವ ಕಡೆ ‘ಪಿಪ್ ಡೌನ್‌ಲೋಡ್’ ಕೊಟ್ಟು ಸಿಂಪೈಯ ಫೈಲ್‌ಗಳನ್ನು ಪೆನ್ ಡ್ರೈವಿಗೆ ಇಳಿಸಿ ತನ್ನಿ, 20 ಕಂಪ್ಯೂಟರಿಗೂ ಅದರಿಂದಲೇ ಹಾಕಬಹುದು. ಜೊತೆಗೆ ಎಂಪಿಮ್ಯಾಥ್ ಎಂಬ ಫೈಲೂ ಇಳಿಯುತ್ತದೆ. ಯಾವುದೋ ಬೇಡದ್ದು ಎಂದು ಅದನ್ನು ಅಳಿಸಬೇಡಿ. ಅದಿಲ್ಲದೆ ಸಿಂಪೈ ಏಳುವುದೇ ಇಲ್ಲ.