‘ನಿನ್ನ ನಂಬಿಕೆ ಸಾಲದು’ ಎಂದವರ ಮಾತು ಕೇಳಿ ಪ್ರಾರ್ಥನೆ ಬಿಡಬೇಡಿ

ಪ್ರಶ್ನೆ: ಅಮ್ಮ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದು ಏಳು ತಿಂಗಳಾಯಿತು. ದಿನಾ ರಾತ್ರಿ ಪ್ರಾರ್ಥಿಸುತ್ತೇನೆ. ಹೇಳಿದ್ದನ್ನೇ ಹೇಳಿ ಸಾಕಾಗಿದೆ, ಮನಸ್ಸು ಎಲ್ಲೋ ಹರಿಯುತ್ತದೆ. ‘ನಿನ್ನ ನಂಬಿಕೆ ಸಾಲದು, ಅದಕ್ಕೇ ಗುಣವಾಗಿಲ್ಲ’ ಎಂದು ಸಭೆಯ ಹಿರಿಯರೊಬ್ಬರು ಹೇಳಿದರು. ಅಂದಿನಿಂದ ಪ್ರಾರ್ಥನೆಗೆ ಕೂರಲೂ ಭಯ. ದೇವರು ಕೇಳುತ್ತಿದ್ದಾನೆ ಎಂಬ ಧೈರ್ಯ ಎಲ್ಲಿಂದ ತರಲಿ?

ಉತ್ತರ: ಸಹೋದರಿ, ಆ ಮಾತನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ. ಮಾರ್ಕನ ಸುವಾರ್ತೆಯ 9ನೇ ಅಧ್ಯಾಯ ತೆರೆಯಿರಿ. ನಂಬುತ್ತೇನೆ, ನನಗೆ ನಂಬಿಕೆ ಕಡಿಮೆಯಿದ್ದರೆ ನೀನೇ ಸಹಾಯ ಮಾಡು ಎಂದು ಕೂಗಿಕೊಂಡ ತಂದೆಯನ್ನು ಯೇಸು ವಾಪಸ್ ಕಳಿಸಲಿಲ್ಲ. ಅವನ ಮಗ ಗುಣವಾದ.

ಯೋಹಾನನ ಮೊದಲ ಪತ್ರ (5:14) ಧೈರ್ಯಕ್ಕೆ ಕೊಡುವ ಆಧಾರ ನಮ್ಮ ಭಾವನೆಯಲ್ಲ. ಆತನ ಚಿತ್ತಕ್ಕೆ ಅನುಸಾರವಾಗಿ ಬೇಡಿದ್ದಕ್ಕೆ ಆತ ಕಿವಿಗೊಡುತ್ತಾನೆ ಎಂಬುದು. ಚಿತ್ತವೇನೆಂದು ತಿಳಿಯದಿದ್ದರೆ? ಯೇಸು ತನ್ನನ್ನು ಬಂಧಿಸುವ ಮುಂಚೆ ಆ ರಾತ್ರಿ ಗೆತ್ಸೇಮನೆ ತೋಟದಲ್ಲಿ ಪ್ರಾರ್ಥಿಸಿದ ಕ್ರಮ ನೋಡಿ. ಈ ಪಾತ್ರೆಯನ್ನು, ಅಂದರೆ ಬರಲಿರುವ ಸಂಕಟವನ್ನು, ತೊಲಗಿಸು ಎಂಬ ಬೇಡಿಕೆ ಮೊದಲು, ನಿನ್ನ ಚಿತ್ತದಂತಾಗಲಿ ಎಂಬುದು ಆಮೇಲೆ. ನಿರಾಶೆಗೆ ಹೆದರಿ ಅನೇಕರು ಮೊದಲರ್ಧವನ್ನೇ ನುಂಗಿಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಅಮ್ಮ ಎದ್ದು ನಡೆಯಬೇಕು ಎಂದು ಬಾಯಿಬಿಟ್ಟು ಕೇಳಿ. ಕೇಳಿದ್ದೇ ಸಿಗುತ್ತದೆಂದು ನಾನು ಹೇಳಲಾರೆ. ಅಪೊಸ್ತಲ ಪೌಲನು ತನ್ನನ್ನು ಕಾಡುತ್ತಿದ್ದ, ತಾನೇ ‘ಮುಳ್ಳು’ ಎಂದು ಕರೆದ ಬಾಧೆ ತೊಲಗಲೆಂದು ಮೂರು ಸಲ ಬೇಡಿಕೊಂಡ. ಉತ್ತರ ಬಂತು, ಮುಳ್ಳು ಹೋಗಲಿಲ್ಲ.

ಹೇಳಿದ್ದನ್ನೇ ಹೇಳುವುದು ತಪ್ಪಲ್ಲ. ಯೇಸು ಕೂಡ ಆ ರಾತ್ರಿ ಮೂರನೆಯ ಸಲ ಅದೇ ಮಾತು ಹೇಳಿದ. ಮತ್ತಾಯ 6ರಲ್ಲಿ ಬೇಡವೆಂದದ್ದು, ಮಾತು ಹೆಚ್ಚಿದಷ್ಟೂ ದೇವರು ಕೇಳುತ್ತಾನೆ ಎಂಬ ಲೆಕ್ಕಾಚಾರವನ್ನು.

ಮಾತು ಹೊರಡದಿದ್ದರೆ ಬೈಬಲಿನ 13ನೇ ಕೀರ್ತನೆಯನ್ನು ಮೆಲುದನಿಯಲ್ಲಿ ಓದಿ. ಆರೇ ವಚನ. ಮೊದಲೆರಡರಲ್ಲಿ ದೂರು, ಇನ್ನೂ ಎಷ್ಟು ಕಾಲ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಮುಂದಿನೆರಡು ಬೇಡಿಕೆ, ಕೊನೆಯೆರಡು ಭರವಸೆ. ಒಂದೊಂದು ಭಾಗ ಮುಗಿದಾಗಲೂ ನಿಲ್ಲಿಸಿ ನಿಮ್ಮ ಮಾತು ಸೇರಿಸಿ. ದೂರನ್ನು ಹಾರಿಸಿ ನೇರ ಭರವಸೆಗೆ ಬಂದರೆ ಅದು ತುಟಿಯ ಮೇಲಿನ ಮಾತಾಗುತ್ತದೆ. ಕೊನೆಯ ಭಾಗ ಹೇಳಲು ಇವತ್ತು ಮನಸ್ಸು ಬರಲಿಲ್ಲವೇ? ಬಿಡಿ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಅದೂ ಪ್ರಾರ್ಥನೆಯೇ.

ಇಡೀ ದಿನ ಆರೈಕೆ ಮಾಡಿ ದಣಿದ ಮೇಲೆ ಕೂರುತ್ತೀರಿ, ಮನಸ್ಸು ನಿಲ್ಲದಿರುವುದು ಸಹಜ. ಬೆಳಿಗ್ಗೆ ಹತ್ತು ನಿಮಿಷ ಸಾಕು. ಔಷಧಿಯ ಖರ್ಚಿನತ್ತ ಮನಸ್ಸು ಓಡಿದರೆ ಎಳೆದು ತರಬೇಡಿ, ಆ ಖರ್ಚನ್ನೇ ದೇವರ ಮುಂದೆ ಇಡಿ. ‘ಗುಣಪಡಿಸು’ ಎಂಬ ಒಂದೇ ಮಾತಿನ ಜೊತೆಗೆ ಆ ದಿನದ್ದನ್ನೂ ಕೇಳಿ: ಊಟ ನುಂಗುವಾಗ ಕೆಮ್ಮು ಬಾರದಿರಲಿ, ವ್ಯಾಯಾಮ ಮಾಡಿಸುವಾಗ ಬಲಗೈ ಬೆರಳು ಸ್ವಲ್ಪ ಬಿಚ್ಚಲಿ. ತಾರೀಖು ಹಾಕಿ ಬರೆದಿಡಿ. ದೇವರಿಗೆ ಅಂಕ ಕೊಡಲು ಅಲ್ಲ. ದಣಿದ ಕಣ್ಣಿಗೆ ಸಣ್ಣ ಉಪಕಾರಗಳು ಕಾಣುವುದಿಲ್ಲ, ಅದಕ್ಕೆ. ಗುಣವಾದರೆ ಇದನ್ನು ಬಿಡುತ್ತೇನೆ, ಅದನ್ನು ಕೊಡುತ್ತೇನೆ ಎಂಬ ಚೌಕಾಸಿ ಬೇಡ. ಚಿಕಿತ್ಸೆಯನ್ನಂತೂ ನಿಲ್ಲಿಸಲೇಬೇಡಿ.

ಆ ಹಿರಿಯರು ಮತ್ತೆ ಬಂದರೆ ಯಾಕೋಬನ ಪತ್ರದ 5ನೇ ಅಧ್ಯಾಯ ತೋರಿಸಿ. ಅಸ್ವಸ್ಥರು ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಎಂದಿದೆ. ಅಲ್ಲಿ ನಂಬಿಕೆಯಿಂದ ಪ್ರಾರ್ಥಿಸಬೇಕಾದವರು ಹಿರಿಯರೇ. ಅಮ್ಮನ ಮಂಚದ ಪಕ್ಕ ಕುರ್ಚಿ ಹಾಕಿ, ‘ಅಣ್ಣಾ, ನೀವೇ ಪ್ರಾರ್ಥನೆ ಮಾಡಿ’ ಎಂದು ವಿನಯದಿಂದ ಕೇಳಿ.