ಓದುಗರ ಪ್ರಶ್ನೆ: ಪ್ರೈಮ್ ರಿಬ್ ಹದ ತಪ್ಪುವುದೆಲ್ಲಿ?

ಪ್ರಶ್ನೆ: ಕ್ರಿಸ್‌ಮಸ್ ಊಟಕ್ಕೆಂದು ಮೂರು ಮೂಳೆಯ, 7 ಪೌಂಡ್ ತೂಕದ ಪ್ರೈಮ್ ರಿಬ್ (ದನದ ಪಕ್ಕೆಲುಬಿನ ಭಾಗದ ದೊಡ್ಡ ತುಂಡು) ತಂದಿದ್ದೆವು. ಪೌಂಡಿಗೆ 15 ನಿಮಿಷದ ಲೆಕ್ಕ ಹಿಡಿದು 350 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಇಟ್ಟೆವು. ಒಳಗೆ 135 ತೋರಿಸಿದಾಗ ತೆಗೆದೆವು. ಕೊಯ್ದು ನೋಡಿದರೆ ಸುತ್ತಲೂ ಬೂದು, ನಟ್ಟನಡುವೆ ಮಾತ್ರ ತುಸು ಗುಲಾಬಿ. ನಮಗೆ ಬೇಕಾಗಿದ್ದು ಮೀಡಿಯಂ ರೇರ್, ಅಂದರೆ ಒಳಗೆಲ್ಲ ಕೆಂಪು-ಗುಲಾಬಿ ಉಳಿಯುವ ಹದ. (ನ್ಯೂಜೆರ್ಸಿಯ ಓದುಗರು)

ಉತ್ತರ: 135 ಎಂಬುದು ತಟ್ಟೆಗೆ ಬರುವಾಗ ಇರಬೇಕಾದ ಅಂಕಿ. ನೀವು ಅದನ್ನೇ ಓವನ್‌ನಿಂದ ತೆಗೆಯುವ ಅಂಕಿ ಮಾಡಿಕೊಂಡಿರಿ. ಹೊರಗೆ ಬಂದ ಮೇಲೂ ಹೊರಪದರದ ಶಾಖ ಒಳಕ್ಕೆ ಇಳಿಯುತ್ತಲೇ ಇರುತ್ತದೆ. 350ರ ಓವನ್‌ನಿಂದ ಬಂದ ಇಷ್ಟು ದೊಡ್ಡ ತುಂಡು ಇನ್ನೂ 10-15 ಡಿಗ್ರಿ ಏರುತ್ತದೆ. ನಿಮ್ಮದು 145 ದಾಟಿ ಮೀಡಿಯಂ ಹದವನ್ನೂ ಮೀರಿದ್ದು ಹೀಗೆ. 250ರ ಓವನ್‌ನಲ್ಲಾದರೆ ಆ ಏರಿಕೆ 5 ಡಿಗ್ರಿಯ ಆಸುಪಾಸು. ಬೂದು ಪಟ್ಟಿಗೂ ಕಾರಣ ಅದೇ ಜೋರು ಶಾಖ: ನಡುಭಾಗ ಬಿಸಿಯಾಗುವಷ್ಟರಲ್ಲಿ ಅಂಚು ಅತಿಯಾಗಿ ಬೆಂದಿರುತ್ತದೆ.

ಪೌಂಡಿಗೆ ಇಷ್ಟು ನಿಮಿಷ ಎಂಬ ಲೆಕ್ಕವನ್ನು ನಂಬಲೇಬೇಡಿ. ಮೂರು ಮೂಳೆಯದಾಗಲಿ ಐದು ಮೂಳೆಯದಾಗಲಿ, ದಪ್ಪ ಹೆಚ್ಚುಕಡಿಮೆ ಒಂದೇ, ಹೆಚ್ಚುವುದು ಉದ್ದ. ಶಾಖ ನಡುಭಾಗ ಮುಟ್ಟಲು ಹಿಡಿಯುವ ಹೊತ್ತು ದಪ್ಪದ ಮೇಲೆ ನಿಂತಿದೆ, ತೂಕದ ಮೇಲಲ್ಲ.

ತಿನ್ನುವಾಗಿನ ಹದ ಹೀಗೆ (ಎಲ್ಲವೂ ಫ್ಯಾರನ್‌ಹೀಟ್): ರೇರ್ 120-125, ಮೀಡಿಯಂ ರೇರ್ 130-135, ಮೀಡಿಯಂ 140-145, ವೆಲ್ ಡನ್ 160ರ ಮೇಲೆ. ಅಮೆರಿಕದ ಕೃಷಿ ಇಲಾಖೆ ಇಡೀ ತುಂಡಿಗೆ ಹೇಳುವುದು 145, ತೆಗೆದ ಮೇಲೆ 3 ನಿಮಿಷ ವಿಶ್ರಾಂತಿ. ಬಸುರಿಯರು, ವಯಸ್ಸಾದವರು, ಚಿಕ್ಕ ಮಕ್ಕಳಿದ್ದರೆ ಇದಕ್ಕಿಂತ ಕೆಳಗೆ ಇಳಿಯಬೇಡಿ.

ಮುಂದಿನ ಸಲ ಹೀಗೆ ಮಾಡಿ. ಒಂದೆರಡು ದಿನ ಮೊದಲೇ ಕಿಲೋಗೆ 10-12 ಗ್ರಾಂ ಉಪ್ಪು ಸವರಿ, ಜಾಲರಿಯ ಮೇಲಿಟ್ಟು, ಮುಚ್ಚದೆ ಫ್ರಿಜ್‌ನಲ್ಲಿಡಿ. ಉಪ್ಪನ್ನು ತೂಗಿಯೇ ಹಾಕಿ: ಒಂದು ಚಮಚ ಕೋಶರ್ ಉಪ್ಪು (ದಪ್ಪ ಹರಳಿನದು) ಒಂದು ಚಮಚ ಪುಡಿ ಉಪ್ಪಿಗಿಂತ ಹಗುರ. ಮೇಲ್ಮೈ ಒಣಗಿದಷ್ಟೂ ಕೊನೆಗೆ ಬಣ್ಣ ಬೇಗ ಬರುತ್ತದೆ. ಕಾಳುಮೆಣಸಿನ ತರಿ ಬೇಕಿದ್ದರೆ ಓವನ್‌ಗೆ ಇಡುವಾಗ ಹಚ್ಚಿದರೆ ಸಾಕು.

ಓವನ್ 250ಕ್ಕೆ ಇಟ್ಟು, ಕೊಬ್ಬಿನ ಬದಿ ಮೇಲೆ ಮಾಡಿ ಇಡಿ. ಥರ್ಮಾಮೀಟರಿನ ಸೂಜಿ ಪಕ್ಕದಿಂದ ನಟ್ಟನಡುವೆ ಇಳಿಯಬೇಕು. ತುದಿ ಮೂಳೆಗೋ ಕೊಬ್ಬಿನ ಗಂಟಿಗೋ ತಾಗಿದರೆ ಅಂಕಿ ಸುಳ್ಳಾಗುತ್ತದೆ. ಮೂರೂವರೆಯಿಂದ ನಾಲ್ಕು ಗಂಟೆ ಹಿಡಿಯಬಹುದು. ಊಟದ ಹೊತ್ತಿಗಿಂತ ಒಂದು ಗಂಟೆ ಹೆಚ್ಚು ಕೈಯಲ್ಲಿಟ್ಟುಕೊಂಡು ಶುರುಮಾಡಿ. ಬೇಗ ಆದರೆ ತೊಂದರೆಯಿಲ್ಲ, ಫಾಯಿಲ್ ಸಡಿಲವಾಗಿ ಹೊದಿಸಿದರೆ ಗಂಟೆಯ ತನಕ ಬಿಸಿ ನಿಲ್ಲುತ್ತದೆ. ಅತಿಥಿಗಳನ್ನು ಕಾಯಿಸುವುದೇ ಕಷ್ಟ.

ಒಳಗೆ 125 ಬಂದಾಗ ತೆಗೆದು ಅರ್ಧ ಗಂಟೆಯಾದರೂ ಬಿಡಿ. ಟ್ರೇಗೆ ಇಳಿದ ಕೊಬ್ಬನ್ನು ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಿ. ಇಲ್ಲದಿದ್ದರೆ ಮುಂದಿನ ಹಂತದಲ್ಲಿ ಅದು ಹೊಗೆಯಾಡಿ ಅಲಾರಂ ಕೂಗುತ್ತದೆ. ಬಡಿಸುವ ಮುನ್ನ 500ರ ಓವನ್‌ನಲ್ಲಿ 6ರಿಂದ 10 ನಿಮಿಷ ಇಟ್ಟರೆ ಹೊರಗೆ ಗರಿಗರಿ ಕಂದು. ಇದಾದ ಮೇಲೆ ಮತ್ತೆ ಕಾಯಬೇಕಿಲ್ಲ, ತಕ್ಷಣ ಕೊಯ್ಯಿರಿ.

ಪ್ರಶ್ನೆ: ನನ್ನ ಥರ್ಮಾಮೀಟರ್ ಕುದಿಯುವ ನೀರಿನಲ್ಲಿ 203 ತೋರಿಸುತ್ತಿದೆ. ಎಸೆಯಬೇಕೇ? (ಡೆನ್ವರ್)

ಉತ್ತರ: ಬೇಡ, ಅದು ಸರಿಯಾಗಿಯೇ ಇದೆ. ಸಮುದ್ರಮಟ್ಟದಿಂದ 1600 ಮೀಟರ್ ಎತ್ತರದ ನಿಮ್ಮ ಊರಿನಲ್ಲಿ ನೀರು ಕುದಿಯುವುದೇ ಅಷ್ಟಕ್ಕೆ. ಎಲ್ಲಿದ್ದರೂ ನಂಬಬಹುದಾದ ಪರೀಕ್ಷೆ ಐಸ್ ನೀರಿನದು. ಲೋಟದ ತುಂಬ ಐಸ್ ಹಾಕಿ, ಸಂದು ತುಂಬುವಷ್ಟು ನೀರು ಹೊಯ್ದು, ಕಲಕಿ ಅದ್ದಿದರೆ 32 ಬರಬೇಕು. ಅನುಮಾನ ಪಡಬೇಕಾದ್ದು ಓವನ್ ಗುಂಡಿಯ ಮೇಲೆ. ಅದು 25 ಡಿಗ್ರಿ ಆಚೀಚೆ ಇರುವುದು ಮಾಮೂಲು.

ಪ್ರಶ್ನೆ: ಮಂಗಳೂರಿನಿಂದ ಅತ್ತೆ-ಮಾವ ಬಂದಿದ್ದಾರೆ. ಕೆಂಪು ಕಂಡರೆ ಮುಟ್ಟುವುದಿಲ್ಲ, ರಕ್ತ ಎನ್ನುತ್ತಾರೆ. ಉಳಿದವರಿಗೆ ಮೀಡಿಯಂ ರೇರ್ ಬೇಕು. (ಟೊರೊಂಟೊ)

ಉತ್ತರ: ಅದು ರಕ್ತವಲ್ಲ, ಮಯೋಗ್ಲೋಬಿನ್ ಎಂಬ ಪ್ರೋಟೀನ್ ಬೆರೆತ ನೀರು. ಆದರೆ ಊಟಕ್ಕೆ ಕೂತವರ ಹತ್ತಿರ ವಾದ ಮಾಡಿ ಪ್ರಯೋಜನವಿಲ್ಲ. ಎರಡೂ ತುದಿಯ ಹೋಳುಗಳು ಹೇಗೂ ಹೆಚ್ಚು ಬೆಂದಿರುತ್ತವೆ, ಅವನ್ನು ಅವರಿಗೆ ಕೊಡಿ. ಸಾಲದಿದ್ದರೆ ಬೀಫ್ ಸ್ಟಾಕ್ (ದನದ ಮೂಳೆ-ಮಾಂಸ ಬೇಯಿಸಿ ಸೋಸಿದ ತಿಳಿ) ಸಣ್ಣಗೆ ಕುದಿಸಿ, ತೆಳುವಾಗಿ ಕೊಯ್ದ ಹೋಳನ್ನು ಒಂದೆರಡು ನಿಮಿಷ ಅದ್ದಿ ತೆಗೆಯಿರಿ. ಗುಲಾಬಿ ಮಾಯ, ರುಚಿಗೂ ಕೊರತೆಯಿಲ್ಲ. ಅವರಿಗಾಗಿ ಇಡೀ ತುಂಡನ್ನು 160ಕ್ಕೆ ಏರಿಸಿದರೆ ನಾರು ಬಿಗಿದು ರಸವೆಲ್ಲ ಟ್ರೇ ಪಾಲು. ಮನೆಯವರೆಲ್ಲ ಚೆನ್ನಾಗಿ ಬೆಂದದ್ದನ್ನೇ ತಿನ್ನುವವರಾದರೆ ಇಷ್ಟು ದುಬಾರಿ ತುಂಡು ಯಾಕೆ? ಚಕ್ (ಭುಜದ ಭಾಗದ ಮಾಂಸ) ತಂದು ನಿಧಾನಕ್ಕೆ ಬೇಯಿಸಿ, ಅದು ಬೆಂದಷ್ಟೂ ಮೆತ್ತಗಾಗುತ್ತದೆ.

ಪ್ರಶ್ನೆ: ಪ್ರೈಮ್ ರಿಬ್ ಅಂದರೆ ಪ್ರೈಮ್ ದರ್ಜೆಯ ಮಾಂಸ ತಾನೇ? (ಡಲ್ಲಾಸ್)

ಉತ್ತರ: ಅಲ್ಲ. ಅಂಗಡಿಯಲ್ಲಿ ಸಿಗುವುದರಲ್ಲಿ ಬಹುಪಾಲು ಪ್ರೈಮ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಚಾಯ್ಸ್ ದರ್ಜೆಯದು. ಚೀಟಿ ಓದಿ ನೋಡಿ. 6ರಿಂದ 12ನೇ ಪಕ್ಕೆಲುಬಿನವರೆಗಿನ ಭಾಗ ಇದು. 10-12ರ ಕಡೆಯದು ಒಂದೇ ದೊಡ್ಡ ಸ್ನಾಯು, ಹೋಳು ಚೆಂದ, ಸಮವಾಗಿ ಬೇಯುತ್ತದೆ. ಭುಜದ ಕಡೆಯದರಲ್ಲಿ ಕೊಬ್ಬು ಹೆಚ್ಚು. ಒಂದು ಮೂಳೆಗೆ ಇಬ್ಬರು ಎಂದು ಲೆಕ್ಕ ಹಾಕಿ. ಮೂಳೆ ಬಿಡಿಸಿ ಮತ್ತೆ ದಾರದಿಂದ ಕಟ್ಟಿಕೊಡಲು ಅಂಗಡಿಯವರಿಗೆ ಹೇಳಿದರೆ ಕೊಯ್ಯುವ ಕೆಲಸ ಸಲೀಸು.

ಪ್ರಶ್ನೆ: 500 ಡಿಗ್ರಿಯಲ್ಲಿ ಪೌಂಡಿಗೆ 5 ನಿಮಿಷ ಇಟ್ಟು, ಓವನ್ ಆರಿಸಿ, 2 ಗಂಟೆ ಬಾಗಿಲು ತೆಗೆಯದೆ ಬಿಡುವ ಕ್ರಮ ಎಲ್ಲರಿಗೂ ಸರಿಹೋಗುತ್ತದೆಯೇ? (ಸ್ಯಾನ್ ಹೋಸೆ)

ಉತ್ತರ: ನಿಮ್ಮ ಓವನ್ ಶಾಖ ಹಿಡಿದಿಟ್ಟುಕೊಂಡರೆ ಸರಿಹೋಗುತ್ತದೆ. ಹೊಸ ಓವನ್‌ಗಳು ಕೆಲವು, ಆರಿಸಿದ ಮೇಲೂ ಫ್ಯಾನ್ ತಿರುಗಿಸಿ ತಣ್ಣಗಾಗುತ್ತವೆ; ಅಂಥವುಗಳಲ್ಲಿ ಮಾಂಸ ಹಸಿ ಉಳಿಯುತ್ತದೆ. ಪ್ರೋಬ್ ಥರ್ಮಾಮೀಟರಿನ ತಂತಿಯನ್ನು ಹೊರಗೆ ಬಿಟ್ಟುಕೊಂಡರೆ ಬಾಗಿಲು ತೆಗೆಯದೆ ಅಂಕಿ ನೋಡಬಹುದು. ಎರಡು ಗಂಟೆಯಾದರೂ 110 ದಾಟದಿದ್ದರೆ 250ಕ್ಕೆ ಹೊತ್ತಿಸಿ ಮುಂದುವರಿಸಿ.